ನಮ್ಮವರು ಅಂದರೆ ಯಾರು?

ಮುಂಬಯಿಯ ಓವಲ್ ಮೈದಾನ ದಾಟಿ ಸ್ವಲ್ಪ ನಡೆದರೆ ಕೂಪರೇಜ್ ಸಿಗುತ್ತದೆ. ರೋವರ್ಸ್ ಕಪ್ ಎಂಬ ಫುಟ್ಬಾಲ್ ಪಂದ್ಯಾವಳಿಗೆ ಹೆಸರಾಗಿದ್ದ ಮೈದಾನ ಇದು. ಆ ಪಂದ್ಯಾವಳಿ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಬ್ರಿಟಿಷ್ ಪಲ್ಟನ್ನುಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು 1937ರಲ್ಲಿ ಮೊದಲ ಬಾರಿಗೆ ಒಂದು ಭಾರತೀಯ ತಂಡ ಗೆದ್ದಿತು. ಅದು ಬೆಂಗಳೂರಿನ ತಂಡ. ಹೆಸರು ಬೆಂಗಳೂರು ಮುಸ್ಲಿಮ್ಸ್. ಮಹಾಯುದ್ಧ ಮುಗಿದು, ದೇಶ ಇಬ್ಭಾಗವಾದ ಮರುವರ್ಷ, 1948ರಲ್ಲಿ, ಕಲ್ಕತ್ತೆಯ ಮೋಹನ್ ಬಗಾನನ್ನು ಫೈನಲ್‌ನಲ್ಲಿ ಸೋಲಿಸಿ ಅದೇ ತಂಡ ಮತ್ತೆ ಕಪ್ ಎತ್ತಿತು.

ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಜನ ನಿವೃತ್ತರು, ಮುಂಬಯಿಯಲ್ಲಿ ನಮ್ಮ ನಾಡಿನವರ ಸಾಧನೆಗಳದೊಂದು ಪಟ್ಟಿ ಮಾಡಲು ಕೂತಿದ್ದೆವು. ಈ ಗೆಲುವನ್ನೂ ಸೇರಿಸೋಣ ಅಂದೆ. ಹಿರಿಯರೊಬ್ಬರು, "ಅಲ್ರೀ, ಅವರ ಮನೆಮಾತು ಕನ್ನಡವೇನು? ಹೆಸರು ಬೇರೆ ನೋಡಿ. ಅವರು ನಮ್ಮವರು ಹೇಗಾಗ್ತಾರೆ?" ಎಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅದಕ್ಕೇ ಸರಿಯಾದ ಉತ್ತರ ಹುಡುಕಬೇಕು ಅನ್ನಿಸಿತು.

ಹೆಸರಿನ ಮಾತು ಮೊದಲು. ಆಗಿನ ಕಾಲದ ಪದ್ಧತಿಯೇ ಹಾಗಿತ್ತು. ಇದೇ ಮುಂಬಯಿಯಲ್ಲಿ 1946ರ ತನಕ ಹಿಂದೂ, ಮುಸ್ಲಿಂ, ಪಾರ್ಸಿ ಎಂದು ಮತದ ಹೆಸರಿನ ತಂಡಗಳೇ ಪೆಂಟಾಂಗ್ಯುಲರ್ ಕ್ರಿಕೆಟ್ ಆಡುತ್ತಿದ್ದವು. ಅದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆದರೆ ಕಾಲ ಕೊಟ್ಟ ಹೆಸರಿಗೆ ಆಟಗಾರರನ್ನು ಇಂದು ಹೊಣೆ ಮಾಡುವುದು ನ್ಯಾಯವಲ್ಲ.

ಇನ್ನು ಮನೆಮಾತು. ನಾವು ಈ ಊರಿಗೆ ಬಂದಾಗ ನಮ್ಮ ಮನೆಮಾತು ಯಾವುದೆಂದು ಯಾರೂ ವಿಚಾರಿಸಲಿಲ್ಲ. ಉಡುಪಿಯವರಿರಲಿ, ಧಾರವಾಡದವರಿರಲಿ, ಎಲ್ಲರೂ 'ಮದ್ರಾಸಿ'ಗಳೇ. 1966ರ ನಂತರ ದಕ್ಷಿಣದವರ ವಿರುದ್ಧ ಚಳವಳಿ ನಡೆದ ಊರಿದು. "ಇಲ್ಲಿ ದುಡಿಯುತ್ತೇವೆ, ತೆರಿಗೆ ಕಟ್ಟುತ್ತೇವೆ, ಮಕ್ಕಳು ಇಲ್ಲೇ ಓದಿದ್ದಾರೆ, ಹಾಗಾದ ಮೇಲೆ ನಾವೂ ಈ ಊರಿನವರೇ" ಎಂಬುದು ನಮ್ಮ ವಾದ. ಆ ವಾದ ಮುಂಬಯಿಯಲ್ಲಿ ನಮಗೆ ಸಲ್ಲುವುದಾದರೆ, ಬೆಂಗಳೂರಿನಲ್ಲಿ ಚೆಂಡಾಟ ಕಲಿತು, ಬೆಂಗಳೂರಿನ ಹೆಸರು ಹೊತ್ತು ಇಲ್ಲಿಗೆ ಬಂದು ಆಡಿದ ಹುಡುಗರಿಗೂ ಸಲ್ಲಬೇಕು. ತಕ್ಕಡಿ ಎರಡಿರಬಾರದು.

ಇಲ್ಲೊಂದು ತೊಡಕಿದೆ. ಗೆದ್ದ ದಿನ ಮಾತ್ರ 'ನಮ್ಮವರು' ಅನ್ನುವುದು ಸುಲಭ. ಬ್ಯಾಂಕಿನಲ್ಲಿ ಜಾಮೀನು ಹಾಕಿದವನಿಗೆ ಒಂದು ಮಾತು ಹೇಳುತ್ತಿದ್ದೆವು: ಸಾಲಗಾರ ಕಟ್ಟದಿದ್ದರೆ ನೀವು ಕಟ್ಟಬೇಕು, ತಿಳಿದು ಸಹಿ ಮಾಡಿ. 'ನಮ್ಮವರು' ಎಂಬ ಮಾತೂ ಅಂಥದೇ ಸಹಿ.

ಅದೇ 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿನ ಎದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ಕೈತಪ್ಪಿದವು. ಒಂದಕ್ಕೆ ಎರಡು ಗೋಲಿನಿಂದ ಸೋತೆವು.

ರಾಮನ್‌ರ ಗೋಲು ನಮ್ಮದು ಅನ್ನುವವರು ಆ ಎರಡು ಪೆನಾಲ್ಟಿಗಳನ್ನೂ ನಮ್ಮವೇ ಎನ್ನಬೇಕು. ಹಾಗೆ ಅನ್ನಲು ಸಿದ್ಧರಿದ್ದರೆ, ಕೂಪರೇಜಿನ ಆ ಕಪ್ಪನ್ನೂ ಪಟ್ಟಿಗೆ ಸೇರಿಸಿಕೊಳ್ಳಲು ಮನೆಮಾತು ಕೇಳಬೇಕಾಗಿಲ್ಲ.