ಕರೆದ ನುಡಿಯ ಹೊಣೆ

ಮನೆಯಲ್ಲಿ ನಾಯಿಯನ್ನು ಸಾಕಿದ ಗೃಹಸ್ಥನು ಅದಕ್ಕೆ ‘ಬಾ’, ‘ಕೂಡು’, ‘ನಿಲ್ಲು’ ಎಂಬ ಮೂರು ಮಾತುಗಳನ್ನಾದರೂ ಕಲಿಸಬೇಕಾದುದು ಅವಶ್ಯವೇ ಸರಿ. ಕಲಿಯದ ನಾಯಿಯು ಬೀದಿಗೆ ನುಗ್ಗಿ ವಾಹನಕ್ಕೆ ಸಿಕ್ಕೀತು. ನೆರೆಮನೆಯ ಮಗುವಿನ ಮೇಲೆ ಎರಗೀತು. ಆದುದರಿಂದ ಕಲಿಸಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಕಾರಣವನ್ನು ಕೇಳಲಾರದ, ಒಲ್ಲೆನೆಂದು ನುಡಿಯಲಾರದ ಪ್ರಾಣಿಯಿಂದ ವಿಧೇಯತೆಯನ್ನು ಬಯಸುವವನಲ್ಲಿ ಯಾವ ಯೋಗ್ಯತೆಯಿರಬೇಕು ಎಂಬುದೇ ವಿಚಾರಾರ್ಹವಾದುದು.

ವಚನಗಳಲ್ಲಿ ಸೊಣಗವು ಬಹುಮಟ್ಟಿಗೆ ನಿಂದೆಯ ಉಪಮಾನವಾಗಿಯೇ ಬರುತ್ತದೆ. ಆದರೆ ಅಲ್ಲಿ ನಿಂದಿತವಾದುದು ಮನುಷ್ಯನ ಮನಸ್ಸು, ಪ್ರಾಣಿಯಲ್ಲ. ಹಾವಿನಹಾಳ ಕಲ್ಲಯ್ಯನು ನಾಯಿಯಿಂದ ವೇದವನ್ನೋದಿಸಿದ ಕಥೆಯೂ ಶರಣರ ಪರಂಪರೆಯಲ್ಲಿಯೇ ಇದೆ. ನಮ್ಮಿಂದ ಅಷ್ಟು ಆಗಬೇಕಿಲ್ಲ. ಅದು ಕುಳಿತರೆ ಸಾಕು.

ಕುಳ್ಳಿರಿಸುವ ಬಗೆ ಸುಲಭ. ರೊಟ್ಟಿಯ ಚೂರನ್ನು ಅದರ ಮೂಗಿನ ಬಳಿ ಹಿಡಿದು, ಮೆಲ್ಲನೆ ತಲೆಯ ಮೇಲಕ್ಕೆ ಹಿಂದಾಗಿ ಒಯ್ದರೆ ಮುಖವು ಮೇಲೇರಿ ಹಿಂಭಾಗವು ತಾನಾಗಿ ನೆಲಕ್ಕಿಳಿಯುತ್ತದೆ. ಆ ಕ್ಷಣದಲ್ಲಿಯೇ ‘ಕೂಡು’ ಎಂದು ನುಡಿದು ಚೂರನ್ನು ಕೊಡಬೇಕು. ತಡವಾದರೆ ಯಾವುದಕ್ಕಾಗಿ ದೊರೆಯಿತೆಂಬುದು ಅದಕ್ಕೆ ತಿಳಿಯದು. ಒಮ್ಮೆಗೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲವಾದರೆ ಸಾಕು. ಆದರೆ ತಂದೆ ‘ಕೂಡು’ ಎನ್ನುತ್ತಾನೆ, ಮಗ ‘ಕುಳಿತುಕೋ’ ಎನ್ನುತ್ತಾನೆ, ಅಜ್ಜಿ ‘ಕುಂದ್ರು’ ಎನ್ನುತ್ತಾಳೆ. ಕೊನೆಗೆ ನಾಯಿಗೆ ಬುದ್ಧಿಯಿಲ್ಲವೆಂದು ಮೂವರೂ ಒಮ್ಮತಕ್ಕೆ ಬರುತ್ತಾರೆ! ಇದು ಲಂಚವಲ್ಲವೇ ಎಂದು ಕೆಲವರು ಕೇಳುವುದುಂಟು. ಅಲ್ಲ. ಮಾಡಿದ ಕೆಲಸಕ್ಕೆ ಸಲ್ಲುವುದು ಕೂಲಿ. ಅಭ್ಯಾಸವು ನೆಲೆಗೊಂಡಂತೆ ಚೂರನ್ನು ಕಡಿಮೆ ಮಾಡುತ್ತ, ಮೈದಡವಿ ಮೆಚ್ಚಿದರೂ ನಡೆಯುತ್ತದೆ.

ಕಠಿಣವಾದ ವಿಷಯವೆಂದರೆ ಕೋಪ. ಕೆರವನ್ನು ಕಡಿದ ನಾಯಿ ನಮ್ಮನ್ನು ಕಂಡು ತಲೆ ತಗ್ಗಿಸಿದೊಡನೆ, ‘ನೋಡಿ, ತಪ್ಪು ಅದಕ್ಕೇ ಗೊತ್ತು’ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಈ ತೀರ್ಪನ್ನು ಅಲುಗಿಸುತ್ತದೆ. 14 ನಾಯಿಗಳ ಮುಂದೆ ತಿನಿಸನ್ನಿಟ್ಟು, ತಿನ್ನಬಾರದೆಂದು ವಿಧಿಸಿ ಒಡೆಯರು ಹೊರಗೆ ಹೋದರು. ಮರಳಿದಾಗ ಕೆಲವರಿಗೆ ನಿಜವನ್ನೂ ಕೆಲವರಿಗೆ ಸುಳ್ಳನ್ನೂ ತಿಳಿಸಲಾಯಿತು. ಅಪರಾಧಿಯ ಮುಖಭಾವವು ತಿಂದುದನ್ನು ಅನುಸರಿಸಿ ಬರಲಿಲ್ಲ, ಬೈಗುಳವನ್ನು ಅನುಸರಿಸಿ ಬಂದಿತು. ತಿನ್ನದೆಯೇ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಹೆಚ್ಚಾಗಿ ತೋರಿತು. ಪಶ್ಚಾತ್ತಾಪವೆಂದು ನಾವು ಬಗೆದುದು ನಮ್ಮ ಮುಖದ ಕ್ರೋಧಕ್ಕೆ ಹುಟ್ಟಿದ ಅಂಜಿಕೆ.

ಪ್ರಾಣಿಗಳನ್ನು ಹಿಂಸಿಸಬಾರದೆಂದು 1960ರ ಕಾಯಿದೆಯೇ ಇದೆ. ಆದರೆ ಕಾಯಿದೆಯ ಕಣ್ಣು ಬೆತ್ತವನ್ನು ಕಂಡೀತೇ ಹೊರತು ವಚನಭಂಗವನ್ನು ಕಾಣದು. ‘ಬಾ’ ಎಂದು ಮೃದುವಾಗಿ ಕರೆದು, ಬಂದೊಡನೆ ಹೊಡೆಯುವವನನ್ನು ಏನೆನ್ನೋಣ? ನುಡಿಯಲ್ಲಿ ಅಭಯ, ನಡೆಯಲ್ಲಿ ದಂಡನೆ. ಮನುಷ್ಯನಾದರೆ ಈ ಮೋಸವನ್ನು ಊರಿಗೆ ಸಾರಿಯಾನು. ನಾಯಿಗೆ ನ್ಯಾಯ ಹೇಳುವವರಿಲ್ಲ. ನುಡಿ ನಡೆಗಳು ಒಂದಾಗಿರಬೇಕೆಂದು ಶರಣರು ಹೇಳಿದುದು ಸಾಕ್ಷಿಗಳಿರುವೆಡೆಗೆ ಮಾತ್ರವೇ? ದಯೆಯನ್ನು ಧರ್ಮದ ಬೇರೆಂದು ಬಗೆದ ಬಸವಣ್ಣನವರು ಸಕಲ ಪ್ರಾಣಿಗಳನ್ನೂ ಅದರೊಳಗೆ ತಂದರಲ್ಲವೇ? ನಮ್ಮ ಮಾತಿಗೆ ನಮ್ಮನ್ನು ಕಟ್ಟಿಹಾಕಲಾರದ ಜೀವಿಗೆ ಕೊಟ್ಟ ಮಾತಿನಲ್ಲಿಯೇ ನಮ್ಮ ಸತ್ಯವು ಒರೆಗೆ ಹತ್ತುತ್ತದೆ.

ಹಗ್ಗವನ್ನು ಬಿಡಿಸಿಕೊಂಡು ಓಡಿದ ನಾಯಿ ಊರೆಲ್ಲ ಅಲೆದು, ಸಂಜೆಗೆ ಕೆಸರು ಮೈಯಲ್ಲಿ ಬಾಗಿಲಿಗೆ ಬಂದಿದೆಯೆನ್ನಿ. ಒಡೆಯನು ಹಗಲೆಲ್ಲ ಹುಡುಕಿ ದಣಿದಿದ್ದಾನೆ. ಕೋಪ ಬರುವುದು ಸಹಜ. ಆದರೆ ಆಗ ಹೊಡೆದರೆ, ಓಡಿದುದಕ್ಕೆ ಪೆಟ್ಟು ಬಿತ್ತೆಂದು ಅದು ಅರಿಯದು, ಮರಳಿ ಬಂದುದಕ್ಕೆ ಬಿತ್ತೆಂದೇ ಅರಿಯುತ್ತದೆ. ಕರೆದು, ಮೈದಡವಿ, ಉಣಲಿಕ್ಕಿ, ಆಮೇಲೆ ಹಗ್ಗದ ಗಂಟನ್ನು ನೋಡುವುದು ಅವನ ಪಾಲಿನ ಕೆಲಸ.