ಅಲಗಿನ ಉಕ್ಕು

ಗಡಸು ಬೇರೆ, ತಾಳಿಕೆ ಬೇರೆ. ಗಡಸು ಬಾಗದು, ತಾಳಿಕೆ ಮುರಿಯದು. ಎರಡನ್ನೂ ಪೂರ್ತಿಯಾಗಿ ಕೊಡುವ ಉಕ್ಕು ಇನ್ನೂ ಯಾವ ಕುಲುಮೆಯಿಂದಲೂ ಹೊರಬಂದಿಲ್ಲ.

ಟೂಲ್ ಸ್ಟೀಲ್‌ಗಳು ಚಾಕುವಿಗೆಂದು ಹುಟ್ಟಿದವಲ್ಲ. ಡಿ2 ತಗಡು ಕತ್ತರಿಸುವ ಡೈಗೆ, ಎಂ2 ಡ್ರಿಲ್ ಬಿಟ್ಟಿಗೆ, ಎಸ್7 ಪೆಟ್ಟು ತಿನ್ನುವ ಉಳಿಗೆ. ಕಬ್ಬಿಣವನ್ನೇ ಕೊರೆಯಬಲ್ಲದ್ದು ಈರುಳ್ಳಿಯ ಮುಂದೆ ಪರೀಕ್ಷೆಗೆ ಕೂತಿದೆ.

ಕೆಂಪಗೆ ಕಾದ ಡಬ್ಲ್ಯು1 ನೀರಿನಲ್ಲಿ ತಣಿದು ಗಡಸಾಗುತ್ತದೆ, ಓ1 ಎಣ್ಣೆಯಲ್ಲಿ, ಎ2 ಬರಿಯ ಗಾಳಿಯಲ್ಲಿ. ಆತುರದ ತಣಿವಿಗೆ ಅಲಗು ಸೊಟ್ಟಗಾಗುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ನಿಧಾನವಾಗಿ ತಣಿದೂ ಗಡಸಾಗುವ ಗುಣ ಬೇಕಿದ್ದರೆ ಕ್ರೋಮಿಯಂ, ಮಾಲಿಬ್ಡಿನಂಗಳ ಬೆಲೆ ತೆರಬೇಕು.

ಎಣ್ಣೆಯಿಂದ ಎತ್ತಿದ ಓ1 ಅಲಗು ಗಡಸಿನ ನೆತ್ತಿಯಲ್ಲಿರುತ್ತದೆ. ಕೈತಪ್ಪಿ ಬಿದ್ದರೆ ಒಡೆಯಬಹುದು. ಮತ್ತೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿದಾಗ ಉಜ್ಜಿದ ಮೈಮೇಲೆ ಒಣಹುಲ್ಲಿನ ತೆಳು ಹಳದಿ ಮೂಡುತ್ತದೆ. ಒಂದಿಷ್ಟು ಗಡಸನ್ನು ಬಿಟ್ಟುಕೊಟ್ಟ ಮೇಲೆಯೇ ಅದು ಚಾಕು. ಅಂಚು ನೀಲಿಗೆ ತಿರುಗಿತೋ, ಬಿಟ್ಟುಕೊಟ್ಟದ್ದು ಹೆಚ್ಚಾಯಿತು.

ಎಂ2 ಮಂದಗೆಂಪಿಗೆ ಕಾದರೂ ಗಡಸು ಬಿಡದು. ಅಡುಗೆಮನೆಯ ಚಾಕು ಆ ಬಿಸಿಯನ್ನು ಎಂದೂ ಕಾಣದು. ಬಳಸದ ಗುಣಕ್ಕೂ ಹಣ ಕೊಟ್ಟಾಗಿರುತ್ತದೆ.

ಡಿ2ರಲ್ಲಿ ಶೇ. 12ರಷ್ಟು ಕ್ರೋಮಿಯಂ ಇದೆ. ಆದರೂ ತುಕ್ಕು ಹಿಡಿಯುತ್ತದೆ. ಶೇ. 1.5ರಷ್ಟು ಇಂಗಾಲ ಆ ಕ್ರೋಮಿಯಂನ ದೊಡ್ಡ ಪಾಲನ್ನು ಕಾರ್ಬೈಡ್ ಕಣಗಳಲ್ಲಿ ಕಟ್ಟಿಹಾಕಿರುತ್ತದೆ. ಇದ್ದದ್ದೆಲ್ಲ ಕಾವಲಿಗೆ ಒದಗದು.

ಅಲಗನ್ನು ಸವೆಯಗೊಡದ ಕಾರ್ಬೈಡ್ ಕಣವೇ ಸಾಣೆಯನ್ನೂ ತಡೆಯುತ್ತದೆ. ಸಿಪಿಎಂ 10ವಿ ಉಕ್ಕಿನಲ್ಲಿ ಶೇ. 10ರ ಹತ್ತಿರ ವೆನೇಡಿಯಂ. ಅದರ ಕಾರ್ಬೈಡ್ ಸಾಣೆಕಲ್ಲಿನ ಅಲ್ಯುಮಿನಿಯಂ ಆಕ್ಸೈಡಿಗಿಂತ ಗಡಸು. ಅಲ್ಲಿ ಕಲ್ಲೇ ಸೋಲುತ್ತದೆ, ವಜ್ರದ ಪುಡಿ ಬೇಕಾಗುತ್ತದೆ. ಬಹುಕಾಲ ಮೊಂಡಾಗದ್ದು ಮೊಂಡಾದ ದಿನ ಬಹುಕಾಲ ಬೇಡುತ್ತದೆ.

ಓ1 ಅಲಗನ್ನು ಕಲ್ಲಿನ ಮೇಲೆ ಹತ್ತಾರು ಸಲ ಎಳೆದರೆ ಸಾಕು, ಅಂಚಿನ ಆಚೆ ಬದಿಗೆ ಕೂದಲೆಳೆಗಿಂತ ಸಣ್ಣ ಸುರುಳಿ ಏಳುತ್ತದೆ. ಕಣ್ಣಿಗೆ ಕಾಣದು, ಉಗುರಿಗೆ ತಾಗುತ್ತದೆ. ಕಲ್ಲು ತುದಿಯವರೆಗೂ ಮುಟ್ಟಿತೆನ್ನುವುದಕ್ಕೆ ಅದೇ ಸಾಕ್ಷಿ. ಚರ್ಮದ ಪಟ್ಟಿಯ ಮೇಲೆ ಮೊದಲು ಕಳೆಯಬೇಕಾದದ್ದೂ ಅದೇ.

ಹರಿತವಾದ ಅಂಚಿನ ತುದಿ ಒಂದು ಮೈಕ್ರಾನಿಗಿಂತ ತೆಳು. ಎರಕದ ಡಿ2ರ ಕಾರ್ಬೈಡ್ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಕಣವೇ ತುದಿಗಿಂತ ದೊಡ್ಡದಾದಾಗ ಅಂಚಿನಿಂದ ಚಕ್ಕೆ ಏಳುತ್ತದೆ. ಕರಗಿದ ಉಕ್ಕನ್ನು ಚಿಮ್ಮಿಸಿ ಪುಡಿಮಾಡಿ, ಆ ಪುಡಿಯನ್ನು ಬಿಸಿಯಲ್ಲಿ ಒತ್ತಿ ಮತ್ತೆ ಗಟ್ಟಿಯಾಗಿಸುವ ವಿಧಾನ ಕಣಗಳನ್ನು ಸಣ್ಣಗಾಗಿಸಿತು. ಈ ಉಕ್ಕಿನ ಒಗ್ಗಟ್ಟು ಒಡೆದು ಪಡೆದದ್ದು.

ಗಡಸಿನ ಅಳತೆಯಲ್ಲಿ ರಾಕ್‌ವೆಲ್ 60ರ ಡಿ2, ರಾಕ್‌ವೆಲ್ 60ರ ಪುಡಿಯುಕ್ಕು ಸಿಪಿಎಂ 3ವಿ. ಅಂಕಿ ಒಂದೇ. ಮೂಳೆಗೆ ತಾಗಿದ ಕ್ಷಣ ಎರಡೂ ಬೇರೆ.

ದಪ್ಪ ಅಂಚಿನ ಉತ್ತಮ ಉಕ್ಕಿಗಿಂತ ತೆಳು ಅಂಚಿನ ಸಾಧಾರಣ ಉಕ್ಕು ಚೆನ್ನಾಗಿ ಕೊಯ್ಯುತ್ತದೆ. ಕೊಯ್ಯುವುದು ಆಕಾರ, ಉಕ್ಕು ಆ ಆಕಾರವನ್ನು ಕಾಯುತ್ತದೆ, ಅಷ್ಟೆ.

ನಮ್ಮ ಕುಲುಮೆಗಳಲ್ಲಿ ಮಚ್ಚಾಗುವುದು ಲಾರಿಯ ಕಮಾನು ಪಟ್ಟಿ. ಇಂಗಾಲ ಶೇ. 0.6ರ ಆಸುಪಾಸು, ಬೆರಕೆ ಧಾತುಗಳು ಅಲ್ಪ. ಎಳನೀರು ಕೆತ್ತುವ ಪೆಟ್ಟಿಗೆ ಡಿ2 ಹಲ್ಲು ಬಿಟ್ಟೀತು, ಪಟ್ಟಿ ಬಿಡದು. ರಸ್ತೆಯ ಗುಂಡಿಗಳನ್ನೆಲ್ಲ ಉಂಡು ಬಂದದ್ದಕ್ಕೆ ಪೆಟ್ಟು ಹೊಸದಲ್ಲ.

ವೆನೇಡಿಯಂ ಅಲಗಿಗೆ ಹೊಸಬನಲ್ಲ. ದಕ್ಷಿಣ ಭಾರತದ ಮೂಸೆಗಳಲ್ಲಿ ಮಾಡಿದ ಉಕ್ಕು ಹೊರದೇಶಗಳಿಗೆ ಹೋಗಿ ಡಮಾಸ್ಕಸ್ ಕತ್ತಿಗಳ ಅಲೆಗೆರೆಯಾಯಿತು. ಅತ್ಯಲ್ಪ ವೆನೇಡಿಯಂನಂಥ ಬೆರಕೆಯೇ ಅಲ್ಲಿ ಕಾರ್ಬೈಡ್‌ಗಳನ್ನು ಸಾಲುಗಟ್ಟಿಸಿತೆಂದು 1998ರಲ್ಲಿ ಲೋಹವಿಜ್ಞಾನಿ ವರ್ಹೋವನ್, ಕಮ್ಮಾರ ಪೆಂಡ್ರೆ ಮತ್ತವರ ಜೊತೆಗಾರರು ವಿವರಿಸಿದರು. ಮೂಸೆ ಹೂಡಿದವರಿಗೆ ಆ ಧಾತು ಗೊತ್ತಿರಲಿಲ್ಲ. ಯಾವ ಅದಿರು ಒಳ್ಳೆಯದೆಂಬುದು ಗೊತ್ತಿದ್ದೀತು.

ನಿಂಬೆಹುಳಿ ತಾಗಿದ ಓ1 ಅಲಗಿನ ಮೇಲೆ ನಿಮಿಷಗಳಲ್ಲಿ ಬೂದು ಕಲೆ ಏಳುತ್ತದೆ. ಕಲೆಗೆ ಕಲೆ ಕೂಡಿ ಮೈಯೆಲ್ಲ ಕಪ್ಪಾದ ಮೇಲೆ ಕೆಂಪು ತುಕ್ಕಿನ ವೇಗ ತಗ್ಗುತ್ತದೆ. ಹೊಳಪಿನ ಆಸೆಗೆ ಅದನ್ನು ಉಜ್ಜಿ ತೆಗೆಯುವ ಕೈ ಅಲಗಿನ ಕಾವಲನ್ನೇ ಕೀಳುತ್ತದೆ.