ಕೀಲಿಕೈ ಕೊಟ್ಟವರ ಹೊಣೆ

ಮಗನ ಮೇಲಣ ಮಮತೆ ಸಹಜವಾದುದು. ಆದರೆ ವಿವೇಕವಿಲ್ಲದ ಮಮತೆ ಅವನಿಗೂ ಪರರಿಗೂ ಕೇಡನ್ನೇ ತರುವುದು. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ 17 ವರ್ಷದ ಬಾಲಕನೊಬ್ಬನು ಮದ್ಯ ಸೇವಿಸಿ ನಡೆಸಿದನೆನ್ನಲಾದ ಕಾರು ಬಡಿದು ಇಬ್ಬರು ತರುಣ ಇಂಜಿನಿಯರುಗಳು ಅಸುನೀಗಿದರು. 300 ಶಬ್ದಗಳ ಪ್ರಬಂಧ ಬರೆಯಬೇಕೆಂಬ ಷರತ್ತಿನೊಡನೆ ಅವನಿಗೆ ಮೊದಲು ಜಾಮೀನು ದೊರೆತುದನ್ನು ಕೇಳಿ ನಾಡು ಕನಲಿತು. ಬಳಿಕ ಪೊಲೀಸರು ಅವನ ತಂದೆಯನ್ನೂ, ಮದ್ಯ ಒದಗಿಸಿದ ಬಾರುಗಳವರನ್ನೂ ಬಂಧಿಸಿದರು.

ಹೊಣೆಯು ಹಿರಿಯರದೆಂದು ಶಾಸನವೂ ಸಾರುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪಾಲಕನಿಗೆ ಇಲ್ಲವೆ ವಾಹನದ ಒಡೆಯನಿಗೆ 3 ವರ್ಷಗಳವರೆಗೆ ಸೆರೆ, 25,000 ರೂಪಾಯಿ ದಂಡ; ವಾಹನದ ನೋಂದಣಿ 12 ತಿಂಗಳು ರದ್ದು; ಬಾಲಕನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಆದರೆ ದಂಡವು ಕೇಡಿನ ಬಳಿಕ ಬರುವುದು. ಆಚಾರವು ಮೊದಲೇ ಇರಬೇಕು. ಸಮಾಜದಲ್ಲಿ ಕಂಡ ಕೇಡನ್ನು ಸಹಿಸದೆ ತಡೆಯುವುದೇ ಗಣಾಚಾರ. ತಂದೆಯು ಕೀಲಿಕೈಯನ್ನು ಕೊಡದಿರಲಿ; ಮದ್ಯ ಮಾರುವವನು ವಯಸ್ಸನ್ನು ವಿಚಾರಿಸಲಿ; ಶಿಕ್ಷಕನು ತಿಳಿಹೇಳಲಿ; ನೆರೆಯವನು ಕಂಡುದನ್ನು ಮನೆಯವರಿಗೆ ತಿಳಿಸಲಿ; ಪೊಲೀಸನು ಮುಖ ನೋಡದೆ ತಡೆಯಲಿ; ನ್ಯಾಯಾಧೀಶನು ಸಿರಿವಂತಿಕೆಗೆ ಮಣಿಯದಿರಲಿ. ಇವರಲ್ಲಿ ಒಬ್ಬನು ಸಡಿಲಿದರೂ ಉಳಿದವರ ಶ್ರಮ ವ್ಯರ್ಥ. ಬೇಡಿದ ಮಗನಿಗೆ "ಇಲ್ಲ" ಎನ್ನಬಲ್ಲ ತಾಯಿತಂದೆಗಳೇ ಅವನ ನಿಜವಾದ ಹಿತೈಷಿಗಳು.